ಹಳೇ ಮೆಕ್ಸಿಕೋ ಸ್ಟ್ರ್ಯಾಟಾ, ಹೊಸ ಪ್ಲೇಯರ್ 2 ಆ? ಕಾರವಾರದ ಗಾಳಿಗೆ ಯಾವ್ದು?

ಕೋಡಿಬಾಗ ಗಿಟಾರ್:
ಎಲ್ರಿಗೂ ನಮಸ್ಕಾರ. ನಮ್ಮನೆ ಕಾರವಾರ ಕೋಡಿಬಾಗ ಕಡೆ, ಸಮುದ್ರಕ್ಕೆ ಐದು ನಿಮಿಷ ನಡಿಗೆ. ಹತ್ತು ವರ್ಷದಿಂದ ಒಂದು ಸಾದಾ ಗಿಟಾರ್ ಇಟ್ಕೊಂಡೇ ಆರ್ಕೆಸ್ಟ್ರಾ, ಚೌತಿ ಪ್ರೋಗ್ರಾಂ ಎಲ್ಲ ಮಾಡ್ತಾ ಬಂದೆ, ಈಗ ಸ್ವಲ್ಪ ದುಡ್ಡು ಕೂಡಿದೆ, ಫೆಂಡರ್ ಕಂಪನಿಯ ಸ್ಟ್ರ್ಯಾಟೇ, ಅಂದ್ರೆ ಸ್ಟ್ರ್ಯಾಟೊಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರೇ ತಗೋಬೇಕು ಅಂತ ಆಸೆ. ಮಡಗಾಂವ್‌ನಲ್ಲಿ ಒಬ್ರು ಮೆಕ್ಸಿಕೋದಲ್ಲಿ ಮಾಡಿದ ಹಳೇ ಸ್ಟ್ಯಾಂಡರ್ಡ್ ಮಾಡೆಲ್ ಸ್ಟ್ರ್ಯಾಟ್ ಮಾರ್ತಿದಾರೆ, ಸೀರಿಯಲ್ ನಂಬರ್ ಎಂಝಡ್6 ಇಂದ ಶುರು. ಫೆಂಡರ್‌ನ ಹೊಸ ಮಾಡೆಲ್ ಪ್ಲೇಯರ್ 2 ರೇಟಿನ ಅರ್ಧಕ್ಕೆ ಸಿಗತ್ತೆ. ನಮ್ ಡ್ರಮ್ಮರ್ ಹಳೇ ಮರದ ಸೌಂಡೇ ಬೇರೆ ಅಂತಾನೆ, ಕೀಬೋರ್ಡಿನವ ಹೊಸದು ತಗೋ ನೆಮ್ಮದಿ ಅಂತಾನೆ. ಎರಡೂ ನುಡಿಸಿದವ್ರು ಹೇಳಿ ಮಾರಾಯ್ರೆ.

ಶಿರಸಿ ಸಿಂಗಲ್‌ಕಾಯಿಲ್:
ಎಂಝಡ್6 ಅಂದ್ರೆ 2006ನೇ ಇಸವಿದು. ನನ್ನತ್ರ 2004ರ ಸ್ಟ್ಯಾಂಡರ್ಡ್ ಇದೆ, ಪ್ಲೇಯರ್ ಕೂಡ ಇದೆ, ಹಾಗಾಗಿ ನುಡಿಸಿಯೇ ಹೇಳ್ತಿದೀನಿ. ಮೊದ್ಲು ಆ ಹಳೇ ಮರದ ಮಾತು ತಲೆಯಿಂದ ತೆಗೀರಿ. ಹಳೇ ಫೆಂಡರ್ ಅಂದ್ರೆ ಜನ ಕೈ ಮುಗಿಯೋದು 1965ರಲ್ಲಿ ಸಿಬಿಎಸ್ ಕಂಪನಿ ಕೊಂಡ್ಕೊಳ್ಳೋಕೂ ಮುಂಚಿನವುಗಳಿಗೆ, 2006ರದ್ದಕ್ಕೆ ಆ ಲೆಕ್ಕ ಹಾಕ್ಬೇಡಿ. ನಿಜವಾದ ವ್ಯತ್ಯಾಸ ಪಿಕಪ್‌ದು, ಅಂದ್ರೆ ತಂತಿ ಅಡಿಗೆ ಕೂತು ಅದರ ಕಂಪನ ಹಿಡಿಯೋ ಭಾಗದ್ದು. ಸ್ಟ್ಯಾಂಡರ್ಡ್‌ನಲ್ಲಿ ಇರೋದು ಸೆರಾಮಿಕ್, ಅಂದ್ರೆ ಉಕ್ಕಿನ ಕಡ್ಡಿ, ಅದರ ಅಡಿಗೆ ಮ್ಯಾಗ್ನೆಟ್ ಪಟ್ಟಿ, ಸೌಂಡು ಸ್ವಲ್ಪ ಗಡಸು. 2018ರಲ್ಲಿ ಸ್ಟ್ಯಾಂಡರ್ಡ್ ನಿಲ್ಸಿ ಪ್ಲೇಯರ್ ತಂದಾಗ ಆಲ್ನಿಕೋ 5 ಅನ್ನೋ ಮಿಶ್ರಲೋಹದ ಮ್ಯಾಗ್ನೆಟ್ ಹಾಕಿದ್ರು, ಅದರಲ್ಲಿ ಕಡ್ಡಿಯೇ ಮ್ಯಾಗ್ನೆಟ್ಟು, ಕ್ಲೀನ್ ಟೋನ್‌ನಲ್ಲಿ ತಂತಿ ಮೀಟಿದ ತಕ್ಷಣ ಗೊತ್ತಾಗತ್ತೆ. ಇನ್ನೊಂದು, ಹಳೇದ್ರಲ್ಲಿ ಬ್ರಿಡ್ಜ್ (ತಂತಿಯ ಕೆಳತುದಿ ಕೂರೋ ಜಾಗ) ಹತ್ರದ ಪಿಕಪ್‌ಗೆ ಟೋನ್ ನಾಬೇ ಇಲ್ಲ, ಸ್ಟೇಜಿನಲ್ಲಿ ಕಿವಿ ಕುಯ್ಯತ್ತೆ, ಪ್ಲೇಯರ್‌ನಲ್ಲಿ ಅದಕ್ಕೆ ನಾಬ್ ಕೊಟ್ಟಿದಾರೆ. ಫ್ರೆಟ್, ಅಂದ್ರೆ ಗಿಟಾರಿನ ಉದ್ದ ಹಿಡಿಯಾದ ನೆಕ್ ಮೇಲಿನ ಲೋಹದ ಗೆರೆ, ಹಳೇದ್ರಲ್ಲಿ 21, ಹೊಸದ್ರಲ್ಲಿ 22, ಆ ಒಂದ್ ಫ್ರೆಟ್‌ನಿಂದ ತೆಳು ತಂತಿಯಲ್ಲಿ ಮೇಲಿನ ಡಿ ಸ್ವರ ಸಿಗತ್ತೆ. ಆದ್ರೂ ನೆಕ್ ಚೆನ್ನಾಗಿದ್ರೆ ನಾನು ಹಳೇದನ್ನೇ ತಗೋತೀನಿ, ಪಿಕಪ್ ಯಾವಾಗ ಬೇಕಾದ್ರೂ ಬದಲಿಸ್ಬಹುದು. ನನ್ನ ಹಳೇ ಗಿಟಾರ್ ನೆಕ್ ಇಷ್ಟು ವರ್ಷದಲ್ಲಿ ಕೈಗೆ ಹೇಗೆ ಕೂತಿದೆ ಅಂದ್ರೆ ಹೊಸದು ಮನೇಲಿದ್ರೂ ಕೈ ಅದಕ್ಕೇ ಹೋಗತ್ತೆ.

ಅಂಕೋಲಾ ಸೆಟಪ್:
ಶಿರಸಿಯವ್ರು ಹೇಳಿದ್ದು ಸರಿ, ಆದ್ರೆ ಅವ್ರು ಘಟ್ಟದ ಮೇಲಿದಾರೆ, ಅಲ್ಲಿ ತೇವ ಮಾತ್ರ. ನಮ್ಮಲ್ಲಿ ಉಪ್ಪು. ನಾನು ಅಂಕೋಲಾ, ಕುಮಟಾ ಕಡೆ ಗೆಳೆಯರ ಗಿಟಾರ್ ಸೆಟಪ್ ಮಾಡ್ಕೊಡ್ತೀನಿ, ಸೌಂಡಿನ ಮುಂಚೆ ನಾನು ನೋಡೋದು ಕಬ್ಬಿಣ. ಅಲೆನ್ ಕೀ ತಗೊಂಡೇ ಹೋಗಿ. ಬ್ರಿಡ್ಜ್‌ನಲ್ಲಿ ತಂತಿ ಕೂರೋ ಸ್ಯಾಡಲ್ ಮೇಲಿನ ಸಣ್ಣ ಸ್ಕ್ರೂ ಒಂದೊಂದೂ ತಿರುಗ್ತದಾ ನೋಡಿ, ತುಕ್ಕು ಹಿಡಿದು ಕೂತಿದ್ರೆ ತಂತಿ ಎತ್ತರ ಹೊಂದಿಸೋಕೇ ಆಗಲ್ಲ. ಅದಾದ್ರೆ ಹೊಸ ಸ್ಯಾಡಲ್ ಹಾಕ್ಬಹುದು ಬಿಡಿ. ಟ್ರಸ್ ರಾಡ್, ಅಂದ್ರೆ ನೆಕ್ ಒಳಗಿನ ಬಾಗು ಹೊಂದಿಸೋ ಲೋಹದ ಕಂಬಿ, ಜಾಮ್ ಆಗಿದ್ರೆ ಮಾತ್ರ ಅರ್ಧ ರೇಟಿಗಲ್ಲ, ಕಾಲು ರೇಟಿಗೂ ಬೇಡ, ಯಾಕಂದ್ರೆ ಜೂನ್‌ನಲ್ಲಿ ಒಮ್ಮೆ ಡಿಸೆಂಬರ್‌ನಲ್ಲಿ ಒಮ್ಮೆ ನೆಕ್ ಬಾಗು ಸರಿ ಮಾಡ್ಲೇಬೇಕು ನಮ್ ಕಡೆ. ಮಾರೋರನ್ನ ಕೇಳಿಯೇ ಮುಟ್ಟಿ, ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸ್ಬೇಡಿ.

ದಾಂಡೇಲಿ ಬಾಸ್:
ಫ್ರೆಟ್‌ಬೋರ್ಡ್, ಅಂದ್ರೆ ಬೆರಳೊತ್ತೋ ಹಲಗೆ, ಕಪ್ಪಾ ಬಿಳಿಯಾ ಹೇಳ್ಲೇ ಇಲ್ಲ ನೀವು? ಕಪ್ಪಾದ್ರೆ 2006ರದ್ದು ರೋಸ್‌ವುಡ್, ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ ಕಾಡಿನ ಬೀಟೆ ಜಾತಿನೇ. 2017ರ ಜನವರಿಯಿಂದ ಆ ಮರ ಗಡಿ ದಾಟೋಕೆ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರ ಬೇಕು ಅಂತಾಯ್ತು, ಅದಕ್ಕೇ 2018ರ ಪ್ಲೇಯರ್‌ಗೆ ದಕ್ಷಿಣ ಅಮೆರಿಕದ ಪಾವ್ ಫೆರೋ ಮರ ಹಾಕಿದ್ರು, ಬಣ್ಣ ಸ್ವಲ್ಪ ತಿಳಿ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ತು, 2024ರ ಪ್ಲೇಯರ್ 2 ರಲ್ಲಿ ರೋಸ್‌ವುಡ್ ವಾಪಸ್ ಬಂತು, ಬೋರ್ಡಿನ ಅಂಚೂ ಉರುಟು ಮಾಡಿದಾರೆ. ನನಗೆ ಬೀಟೆ ಮೇಲೆ ಪ್ರೀತಿ ಜಾಸ್ತಿ, ನಮ್ಮಜ್ಜನ ಮನೆ ಕಂಬ, ಮಂಚ ಎಲ್ಲ ಅದೇ.

ಕೋಡಿಬಾಗ ಗಿಟಾರ್:
ಭಾನುವಾರ ಹೋಗಿ ನೋಡ್ಕೊಂಡು ಬಂದೆ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೋರ್ಡ್ ಕಪ್ಪು. ಟ್ರಸ್ ರಾಡ್ ಮೆತ್ತಗೆ ತಿರುಗ್ತು, ಸ್ಯಾಡಲ್ ಸ್ಕ್ರೂ ಮೂರು ಅಲ್ಲಾಡ್ಲೇ ಇಲ್ಲ, ಅದನ್ನ ತೋರಿಸಿದ್ದಕ್ಕೆ ರೇಟು ಇನ್ನೂ ಸ್ವಲ್ಪ ಇಳಿಸಿದ್ರು. ನೆಕ್ ಕೈಗೆ ಸಿಕ್ಕಿದ ಮೇಲೆ ಬಿಟ್ಟು ಬರೋಕೆ ಮನಸಾಗ್ಲಿಲ್ಲ, ತಗೊಂಡೇ ಬಂದೆ. ಅಂಕೋಲಾದವ್ರೇ, ಸ್ಯಾಡಲ್ ತರಿಸಿದ ಮೇಲೆ ಮಳೆ ಹಿಡಿಯೋಕೆ ಮುಂಚೆ ಒಂದು ದಿನ ನಿಮ್ಮಲ್ಲಿಗೆ ಬರ್ಲಾ?

ಅಂಕೋಲಾ ಸೆಟಪ್:
ಬನ್ನಿ ಬನ್ನಿ. ಅಲ್ಲಿ ತನಕ ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ, ಬ್ರಿಡ್ಜ್ ಒರೆಸಿ, ಕೇಸ್ ಒಳಗೆ ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿ ಮುಚ್ಚಿಡಿ, ಸಮುದ್ರದ ಕಡೆ ಕಿಟಕಿ ಹತ್ರ ಗೋಡೆಗೆ ತೂಗ್ಹಾಕ್ಬೇಡಿ.