1855ರ ಪ್ಯಾರಿಸ್ ಭೇಟಿಯ ಚಿತ್ರಗಳು: ಫೋಟೋ ಇದ್ರೂ ವಾಟರ್‌ಕಲರ್ ಯಾಕೆ?

ಜಯನಗರ_ಬ್ರಷ್
ಎಲ್ಲರಿಗೂ ನಮಸ್ಕಾರ. ವಿಕ್ಟೋರಿಯಾ ರಾಣಿ 1855ರ ಆಗಸ್ಟ್‌ನಲ್ಲಿ ಫ್ರಾನ್ಸ್ ಚಕ್ರವರ್ತಿ ಮೂರನೇ ನೆಪೋಲಿಯನ್ ಕರೆದ ಅಂತ ಪ್ಯಾರಿಸ್‌ಗೆ ಹೋಗಿದ್ದಾಗಿನ ವಾಟರ್‌ಕಲರ್‌ಗಳನ್ನ ನೋಡ್ತಾ ಇದೀನಿ. ಯೂಜೀನ್ ಲಾಮಿ ಅಂತ ಫ್ರೆಂಚ್ ಕಲಾವಿದರು ವರ್ಸೇಲ್ಸ್ ಅರಮನೆಯ ಥಿಯೇಟರಲ್ಲಿ ನಡೆದ ರಾತ್ರಿ ಊಟದ್ದು ಒಂದು ಬರೆದಿದಾರೆ, ಅದರಿಂದ ಕಣ್ಣು ಕೀಳೋಕೇ ಆಗ್ತಿಲ್ಲ. ಅಷ್ಟು ಜನ, ಅಷ್ಟು ದೀಪ, ಎಲ್ಲಾ ಒಂದು ಹಾಳೆ ಮೇಲೆ! ಆದ್ರೆ ಆಗ್ಲೇ ಫೋಟೋ ಬಂದಿತ್ತಲ್ವಾ, ಮತ್ಯಾಕೆ ಕೈಯಲ್ಲಿ ಬರೆಸಿದ್ರು? ಇದನ್ನ ದಾಖಲೆ ಅಂತ ಎಷ್ಟು ನಂಬ್ಬಹುದು?

ಹಳೇಕ್ಯಾಮೆರಾ_ಮಲ್ಲೇಶ್ವರ
ಫೋಟೋ 1839ರಿಂದ್ಲೇ ಇತ್ತು. ಆದ್ರೆ 1855ರ ಹೊತ್ತಿಗೆ ನಡೀತಿದ್ದಿದ್ದು ಒದ್ದೆ ಪ್ಲೇಟಿನ ಕೆಲಸ, ಗಾಜಿಗೆ ಮದ್ದು ಸವರಿ ಅದು ಒಣಗೋದ್ರೊಳಗೆ ಫೋಟೋ ತೆಗೆದು ತೊಳೀಬೇಕು, ಒಳ್ಳೇ ಬಿಸಿಲಲ್ಲೂ ಎದುರಿಗಿರೋರು ಸೆಕೆಂಡುಗಟ್ಟಲೆ ಅಲ್ಲಾಡಬಾರದು. ದೀಪದ ಬೆಳಕಲ್ಲಿ ಓಡಾಡ್ತಿರೋ ಜನನ್ನ ಹಿಡಿಯೋ ಮಾತೇ ಇಲ್ಲ. ಬಣ್ಣ ಅಂತೂ ಇಲ್ಲವೇ ಇಲ್ಲ, ಕೆಂಪು ಕೋಟು ಹಾಕ್ಕೊಂಡಿದ್ರೆ ಅದು ಕಪ್ಪಾಗಿ ಬರ್ತಿತ್ತು. ಬ್ರಿಟನ್, ಫ್ರಾನ್ಸ್ ಎರಡೂ ಒಂದೇ ಕಡೆ ಸೇರಿ ಕ್ರಿಮಿಯಾದಲ್ಲಿ ರಷ್ಯಾ ವಿರುದ್ಧ ಯುದ್ಧ ಮಾಡ್ತಿದ್ದ ಟೈಮು ಅದು, ಆ ಸ್ನೇಹದ ವೈಭವ ಬಣ್ಣದಲ್ಲೇ ಉಳೀಬೇಕಿತ್ತು.

ನೀರು_ಬಣ್ಣ_ಕಾಗದ
ನಂಬಿಕೆ ವಿಷಯ. ಇಂಥ ಕಲಾವಿದರು ಸ್ಥಳದಲ್ಲಿ ಪೆನ್ಸಿಲ್‌ನಲ್ಲಿ ಗೀಚ್ಕೊಂಡು, ಯಾವ ಬಟ್ಟೆ ಯಾವ ಬಣ್ಣ ಅಂತ ಪಕ್ಕದಲ್ಲಿ ಬರ್ಕೊಂಡು, ಆಮೇಲೆ ಮನೇಲಿ ಕೂತು ಮುಗಿಸ್ತಿದ್ರು. ಹಾಗಾಗಿ ಯೂನಿಫಾರ್ಮು, ಪರದೆ, ಕಂಬ ಇವನ್ನ ಧೈರ್ಯವಾಗಿ ನಂಬಿ. ಯಾರು ಯಾರ ಪಕ್ಕ ನಿಂತಿದ್ರು ಅನ್ನೋದನ್ನ ಮಾತ್ರ ಬೇರೆ ಕಡೆ ತಾಳೆ ಹಾಕಿ ನೋಡಿ, ಬರೆಸಿದೋರು ರಾಜಮನೆತನದವರು, ರಾಣಿ ಎದ್ದು ಕಾಣ್ಲೇಬೇಕು. ತಾಳೆ ನೋಡೋಕೆ ರಾಣಿ ಡೈರೀನೇ ಇದೆ, ಅದೂ ಬಹುಪಾಲು ಮಗಳು ಬಿಯಾಟ್ರಿಸ್ ಆಯ್ದು ನಕಲು ಮಾಡಿದ್ದು ಅನ್ನೋದು ನೆನಪಿರ್ಲಿ.

ವಿಕ್ಟೋರಿಯಾನೂ ವಾಟರ್‌ಕಲರ್ ಮಾಡ್ತಿದ್ರು, ವಿಲಿಯಂ ಲೀಚ್ ಹತ್ರ ವರ್ಷಗಟ್ಟಲೆ ಕಲಿತಿದ್ರು. ಇಂಥ ಚಿತ್ರಗಳನ್ನ ಗೋಡೆಗೆ ಹಾಕ್ದೆ ಆಲ್ಬಂಗಳಲ್ಲಿ ಇಡಿಸ್ತಿದ್ರು, ಬೆಳಕು ಬೀಳಲ್ಲ, ಬಣ್ಣ ಮಾಸಲ್ಲ. ನಾವು ಬರೆದಿದ್ದನ್ನ ಕಿಟಕಿ ಪಕ್ಕ ಫ್ರೇಮ್ ಹಾಕಿಸಿ ಇಡ್ತೀವಿ, ದಯವಿಟ್ಟು ಹಾಗೆ ಮಾಡ್ಬೇಡಿ.

ಜಯನಗರ_ಬ್ರಷ್
ತುಂಬಾ ಥ್ಯಾಂಕ್ಸ್ ಇಬ್ರಿಗೂ. ದೀಪದ ಮಿಣುಕು ಹೇಗೆ ತರ್ತಾರೆ? ನಾನು ಕಾಗದದ ಬಿಳಿ ಬಿಟ್ಕೊಂಡು ಬಂದ್ರೆ ಮಂಕಾಗಿ ಕಾಣುತ್ತೆ.

ನೀರು_ಬಣ್ಣ_ಕಾಗದ
ಸುತ್ತ ಇರೋದನ್ನ ಇನ್ನೂ ಗಾಢ ಮಾಡಿ, ಬಿಳಿ ತಾನಾಗೇ ಮೇಲೆದ್ದು ಬರುತ್ತೆ. ಆ ಕಾಲದವರು ಕೊನೇಲಿ ದಪ್ಪ ಬಿಳಿ ಬಣ್ಣದ ಚುಕ್ಕಿ ಇಡ್ತಿದ್ರು, ಅದೇನು ತಪ್ಪಲ್ಲ.

ಗಾಜಿನಮನೆ_ಫ್ಯಾನ್
ನಮ್ಮೂರಿಗೂ ಇಂಥ ಭೇಟಿ ಆಗಿದೆ! ಲಾಲ್‌ಬಾಗ್ ಗಾಜಿನ ಮನೆಗೆ 1889ರ ನವೆಂಬರ್ 30ಕ್ಕೆ ಅಡಿಗಲ್ಲು ಹಾಕಿದ್ದು ಇದೇ ರಾಣಿ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಅವರಪ್ಪ 1875ರಲ್ಲಿ ಇಂಡಿಯಾಗೆ ಬಂದಾಗ ವಿಲಿಯಂ ಸಿಂಪ್ಸನ್ ಅನ್ನೋ ಕಲಾವಿದರು ಪತ್ರಿಕೆಗೋಸ್ಕರ ಆ ಟೂರಿನ ಚಿತ್ರ ಬರೆದಿದ್ರು, ಅವರ ವಾಟರ್‌ಕಲರ್‌ಗಳನ್ನ ಹುಡುಕಿ, ಲಾಮಿ ಪಕ್ಕ ಇಟ್ಟು ನೋಡಿ.