ಒಂದೇ ಅಂಕಿ, ಎರಡು ಉತ್ತರ: ಮೆಂತ್ಯ ಹಾಕಿದರೆ ಹಿಟ್ಟು ನಿಜಕ್ಕೂ ಹೆಚ್ಚು ಉಬ್ಬುತ್ತದೆಯೇ?

ರುಬ್ಬುವ ಕಲ್ಲು, ಹನುಮಂತನಗರ:

ಮನೆಯಿಂದಲೇ ಇಡ್ಲಿ ಹಿಟ್ಟು ಮಾರುತ್ತೇನೆ. ಬೆಂಗಳೂರಿನ ಡಿಸೆಂಬರ್ ಬಂತೆಂದರೆ ಹಿಟ್ಟು ಮುನಿಸಿಕೊಳ್ಳುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ರಾತ್ರಿ ಇಟ್ಟಲ್ಲೇ ಕುಳಿತಿರುತ್ತದೆ. ಅತ್ತೆಯವರದು ಒಂದೇ ಮಾತು, "ಮೆಂತ್ಯ ಹಾಕು." ನನಗೆ ನಂಬಿಕೆ ಇರಲಿಲ್ಲ. ಬಾಯಿಮಾತಿನ ಜಗಳ ಬೇಡ, ಅಳೆದೇ ಬಿಡೋಣ ಎಂದು ಎಂಟು ರಾತ್ರಿ ಕುಳಿತೆ. ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದು ರುಬ್ಬಿ, ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಿಗೆ ಸಮನಾಗಿ ಸುರಿದೆ. ಒಂದಕ್ಕೆ ರುಬ್ಬಿದ ಮೆಂತ್ಯ ಎರಡು ಚಮಚ, ಇನ್ನೊಂದಕ್ಕೆ ಎರಡು ಚಮಚ ನೀರು. ಬೆಳಿಗ್ಗೆ ಆರಕ್ಕೆ ಮಗಳ ಸ್ಕೇಲು ಹಿಡಿದು ಎಷ್ಟು ಸೆಂಟಿಮೀಟರ್ ಏರಿದೆ ಎಂದು ಬರೆದುಕೊಂಡೆ.

ಮೆಂತ್ಯ ಇಲ್ಲದ್ದು: 4.0, 5.1, 3.2, 4.6, 5.5, 3.8, 4.9, 3.7
ಮೆಂತ್ಯ ಹಾಕಿದ್ದು: 4.5, 5.3, 3.9, 4.8, 6.1, 3.7, 5.4, 4.3

ಸರಾಸರಿ 4.35 ಮತ್ತು 4.75. ಬಿ.ಕಾಂ. ಓದುವ ಮಗಳು ಎಕ್ಸೆಲ್‌ನಲ್ಲಿ ಟಿ ಪರೀಕ್ಷೆ ಹಾಕಿದಳು. ಎರಡು ಸರಾಸರಿಗಳ ಅಂತರ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕವಂತೆ, ಅದರಲ್ಲಿ ಬರುವ ಪಿ ಮೌಲ್ಯ ಚಿಕ್ಕದಾದಷ್ಟೂ ಆಕಸ್ಮಿಕ ಎನ್ನುವುದು ಕಷ್ಟವಂತೆ. ಸೂತ್ರದ ಕೊನೆಗೆ 2 ಎಂದು ಕೊಟ್ಟರೆ ಪಿ ಮೌಲ್ಯ 0.34 ಬರುತ್ತದೆ, 1 ಎಂದು ಕೊಟ್ಟರೆ 0.004. ಮೊದಲನೆಯದಾದರೆ ನಾನು ಗೆದ್ದೆ, ಎರಡನೆಯದಾದರೆ ಅತ್ತೆ ಗೆದ್ದರು ಎನ್ನುತ್ತಾಳೆ. ಅದಕ್ಕಿಂತ ಮುಂದಕ್ಕೆ ಕೇಳಿದರೆ ಪರೀಕ್ಷೆ ಮುಗಿಯಿತು, ಮರೆತೆ ಎನ್ನುತ್ತಾಳೆ. ಅದೇ ಹಿಟ್ಟಿಗೆ ಎರಡು ತೂಕ ಹೇಗೆ?

ನಿವೃತ್ತ ಮೇಷ್ಟ್ರು, ಮಲ್ಲೇಶ್ವರಂ:

ತಾಯಿ, ಇಷ್ಟು ಅಚ್ಚುಕಟ್ಟಾದ ಅಂಕಿಗಳನ್ನು ನನ್ನ ವಿದ್ಯಾರ್ಥಿಗಳೂ ತಂದಿರಲಿಲ್ಲ. ಆ ನೀರು ಹಾಕಿದ್ದೀರಲ್ಲ, ಅದಕ್ಕೇ ಅರ್ಧ ಅಂಕ.

ಕಾಗದ ತೆಗೆದುಕೊಂಡು ಕೈಯಲ್ಲೇ ಮಾಡಿ ನೋಡಿದೆ. ಟಿ ಎಂದರೆ ದೊಡ್ಡ ಗುಟ್ಟೇನಲ್ಲ: ಕಂಡ ವ್ಯತ್ಯಾಸವನ್ನು, ಆ ವ್ಯತ್ಯಾಸ ಸುಮ್ಮನೆ ಎಷ್ಟು ಅಲುಗಾಡಬಹುದು ಎಂಬುದರಿಂದ ಭಾಗಿಸುವುದು. ಮೇಲಿನ ಸಂಖ್ಯೆ ನಿಮ್ಮ ಎರಡು ಲೆಕ್ಕದಲ್ಲೂ 0.4. ಬದಲಾಗುವುದು ಕೆಳಗಿನದು.

2 ಎಂದು ಕೊಟ್ಟಾಗ ಯಂತ್ರ ಇವನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗುಂಪು ಎಂದು ತಿಳಿಯುತ್ತದೆ. ಮೆಂತ್ಯವಿಲ್ಲದ ಡಬ್ಬಿಯೊಂದೇ 3.2ರಿಂದ 5.5ರವರೆಗೆ ಓಡಾಡಿದೆ. ಅದು ಚಳಿಯ ಆಟ. ಆ ಓಡಾಟವೆಲ್ಲ ಭಾಜಕಕ್ಕೆ ಸೇರಿ ಅದು 0.40 ಆಗುತ್ತದೆ, ಟಿ 0.99. ಅಂತರ ಆಕಸ್ಮಿಕವಲ್ಲ ಎನ್ನಲು, ರೂಢಿಯ ಶೇಕಡಾ 5ರ ಮಟ್ಟಕ್ಕೆ, ಟಿ ಕನಿಷ್ಠ 2.145 ಇರಬೇಕು.

ಆದರೆ ನಿಮ್ಮ ಡಬ್ಬಿಗಳು ಜೋಡಿ. ಒಂದೇ ರಾತ್ರಿ, ಒಂದೇ ರುಬ್ಬು, ಒಂದೇ ಚಳಿ. ಹಾಗಾಗಿ ಪ್ರತಿ ರಾತ್ರಿಯ ವ್ಯತ್ಯಾಸವನ್ನು ಮಾತ್ರ ಬರೆಯಿರಿ: 0.5, 0.2, 0.7, 0.2, 0.6, ಮೈನಸ್ 0.1, 0.5, 0.6. ಚಳಿ ಕಳೆದುಹೋಯಿತು, ನೋಡಿ. ಇವುಗಳ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 0.27, ಅದನ್ನು 8ರ ವರ್ಗಮೂಲದಿಂದ ಭಾಗಿಸಿದರೆ 0.096. ಟಿ 4.15. ಏಳು ಸ್ವಾತಂತ್ರ್ಯಾಂಕಗಳಿಗೆ (ಎಂಟು ವ್ಯತ್ಯಾಸಗಳಿಗಿಂತ ಒಂದು ಕಡಿಮೆ) ಬೇಕಿದ್ದದ್ದು 2.365. ನಿಮ್ಮ ಪ್ರಯೋಗಕ್ಕೆ ಸರಿಯಾದದ್ದು 1. ಇದನ್ನು ಉತ್ತರ ನೋಡಿ ಆರಿಸುವುದಲ್ಲ, ಪ್ರಯೋಗ ಹೇಗೆ ಮಾಡಿದಿರಿ ಎಂಬುದೇ ಆರಿಸುತ್ತದೆ.

ನಿಮ್ಮ ಕಸುಬಿನವರಿಗೆ ಹೇಳಲೇಬೇಕಾದ ಮಾತೊಂದಿದೆ. ಈ ಪರೀಕ್ಷೆ ಹುಟ್ಟಿದ್ದೂ ಹುದುಗುವ ಜಾಗದಲ್ಲೇ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ಇದನ್ನು 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ನೌಕರರು ಸ್ವಂತ ಹೆಸರಿನಲ್ಲಿ ಬರೆಯುವುದಕ್ಕೆ ಕಂಪನಿ ಬಿಡುತ್ತಿರಲಿಲ್ಲ. ಕೈಗೆ ಸಿಗುವ ಮಾದರಿಗಳು ನಿಮ್ಮವುಗಳಂತೆಯೇ ಬೆರಳೆಣಿಕೆಯಷ್ಟು, ಅದೇ ಅವರ ತೊಂದರೆ. ಆ ಪ್ರಬಂಧದ ಒಂದು ಉದಾಹರಣೆ ಹತ್ತು ರೋಗಿಗಳಿಗೆ ಎರಡು ನಿದ್ರೆಯ ಔಷಧ ಕೊಟ್ಟದ್ದು. ಅಲ್ಲಿಯೂ ಒಬ್ಬೊಬ್ಬರದೇ ವ್ಯತ್ಯಾಸ ತೆಗೆದಿದ್ದಾರೆ.

ಒಂದು ಎಚ್ಚರಿಕೆ. 0.004 ಎಂದರೆ ಅತ್ತೆಯವರ ಮಾತು ಸುಳ್ಳಾಗುವ ಸಂಭವ ಸಾವಿರಕ್ಕೆ ನಾಲ್ಕು ಎಂದು ಓದಬೇಡಿ. ಮೆಂತ್ಯಕ್ಕೆ ಏನೂ ಗುಣವಿಲ್ಲ ಎಂದೇ ಹಿಡಿಯಿರಿ, ಇದನ್ನೇ ಶೂನ್ಯ ಪ್ರಾಕ್ಕಲ್ಪನೆ ಎನ್ನುವುದು. ಆಗಲೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಅಕಸ್ಮಾತ್ತಾಗಿ ಕಾಣಿಸುವುದು ಸಾವಿರಕ್ಕೆ ಸುಮಾರು ನಾಲ್ಕು ಸಲ, ಅಷ್ಟೇ.

ಎರಡನೇ ಲೋಟ ಕಾಫಿ, ಜಯನಗರ:

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ನಾಲ್ಕು ಮಿಲಿಮೀಟರ್ ಹೆಚ್ಚು ಏರಿದರೆ ಇಡ್ಲಿ ತಿನ್ನುವವರಿಗೆ ಗೊತ್ತಾಗುತ್ತದೆಯೇ ಎಂಬುದು ಬೇರೆ ಮಾತು, ಅದನ್ನು ಪಿ ಮೌಲ್ಯ ಹೇಳುವುದಿಲ್ಲ. ನನಗೆ ಬೇಕಿರುವುದು ಇಷ್ಟೇ: ಆ ಎರಡು ಡಬ್ಬಿಗಳನ್ನು ರಾತ್ರಿ ಎಲ್ಲಿಡುತ್ತಿದ್ದಿರಿ? ಯಾವುದು ಎಲ್ಲಿ ಎಂದು ಯಾರು ನಿರ್ಧರಿಸುತ್ತಿದ್ದರು?

ರುಬ್ಬುವ ಕಲ್ಲು, ಹನುಮಂತನಗರ:

ಅಯ್ಯೋ ರಾಮ. ಗುರುತು ತಪ್ಪಬಾರದೆಂದು ಮೆಂತ್ಯದ ಡಬ್ಬಿಯನ್ನು ಎಂಟು ದಿನವೂ ಫ್ರಿಜ್ಜಿಗೆ ಒತ್ತಿಯೇ ಇಟ್ಟಿದ್ದೆ, ಇನ್ನೊಂದನ್ನು ಕಿಟಕಿಯ ಕಡೆಗೆ. ಈಗ ಹೋಗಿ ಫ್ರಿಜ್ಜಿನ ಆ ಬದಿಗೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿದೆ.

ನಿವೃತ್ತ ಮೇಷ್ಟ್ರು, ಮಲ್ಲೇಶ್ವರಂ:

ಇದನ್ನು ನಾನೇ ಕೇಳಬೇಕಿತ್ತು, ಲೆಕ್ಕದ ಹುಮ್ಮಸ್ಸಿನಲ್ಲಿ ಬಿಟ್ಟೆ. ಗೆದ್ದದ್ದು ಮೆಂತ್ಯವೋ ಫ್ರಿಜ್ಜೋ ಎಂದು ಯಾವ ಸೂತ್ರವೂ ಈಗ ಬೇರ್ಪಡಿಸಲಾರದು. ಪ್ರತಿ ರಾತ್ರಿ ನಾಣ್ಯ ಚಿಮ್ಮಿ ಜಾಗ ನಿರ್ಧರಿಸಿ. ಡಬ್ಬಿಯ ತಳಕ್ಕೆ ಗುರುತು ಹಚ್ಚಿ, ಅಳೆಯುವ ಕೆಲಸ ಮಗಳಿಗಿರಲಿ. ಯಾವುದರಲ್ಲಿ ಮೆಂತ್ಯ ಎಂದು ಅವಳಿಗೆ ಹೇಳಬೇಡಿ.

ರುಬ್ಬುವ ಕಲ್ಲು, ಹನುಮಂತನಗರ:

ಆಗಲಿ ಮೇಷ್ಟ್ರೇ, ಇಂದೇ ಶುರು. ಎರಡು ರೂಪಾಯಿಯ ನಾಣ್ಯ ಚಿಮ್ಮಿದೆ, ಮೆಂತ್ಯ ಕಿಟಕಿಯ ಕಡೆಗೆ ಬಂತು. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಅವರು ಸಂಜೆಯೇ ಎದುರು ಮನೆಗೆ ಹೋಗಿ, ಲೆಕ್ಕದಲ್ಲೂ ತಾವೇ ಗೆದ್ದ ಸುದ್ದಿ ಹೇಳಿ ಬಂದಾಗಿದೆ.