ಸಬ್‌ಗ್ರೇಡ್ ಕಾಂಪ್ಯಾಕ್ಷನ್ 103% ಬರುತ್ತಿದೆ, ನಂಬಬಹುದಾ?

ಚಿಂತಾಮಣಿ_ಸೈಟ್:
ನಮಸ್ಕಾರ. ಚಿಂತಾಮಣಿ ಕಡೆ ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೇನೆ. ಸಬ್‌ಗ್ರೇಡ್‌ಗೆ, ಅಂದರೆ ರಸ್ತೆಯ ಪದರಗಳ ಕೆಳಗಿನ ಮಣ್ಣಿನ ತಳಕ್ಕೆ, ಗರಸು ಮಣ್ಣು ಹಾಕುತ್ತಿದ್ದೇವೆ. ಸ್ಯಾಂಡ್ ರಿಪ್ಲೇಸ್‌ಮೆಂಟ್ (ಲೇಯರ್‌ನಲ್ಲಿ ಗುಂಡಿ ತೋಡಿ, ಮರಳು ತುಂಬಿ ಗುಂಡಿಯ ಗಾತ್ರ ಅಳೆಯುವ ಟೆಸ್ಟ್) ಮಾಡಿದರೆ ಡ್ರೈ ಡೆನ್ಸಿಟಿ (ತೇವ ಬಿಟ್ಟು ಮಣ್ಣಿನ ಸಾಂದ್ರತೆ) 1.98 ಗ್ರಾಂ/ಸಿಸಿ. ಪ್ರಾಕ್ಟರ್‌ನಲ್ಲಿ (ಲ್ಯಾಬ್‌ನಲ್ಲಿ ಮಣ್ಣು ಕುಟ್ಟಿ ಗರಿಷ್ಠ ಡೆನ್ಸಿಟಿ ನೋಡುವ ಟೆಸ್ಟ್) ಬಂದಿದ್ದು 1.92. ಅಂದರೆ 103%. ಬೇಕಿರುವುದು 97%. ಸೂಪರ್‌ವೈಸರ್ ಮುಂದಿನ ಲೇಯರ್ ಹಾಕಿ ಅಂತಾರೆ. ಆದರೆ ಲೋಡ್ ಟಿಪ್ಪರ್ ಹೋದರೆ ಚಕ್ರದ ಗುರುತು ಬೀಳುತ್ತಿದೆ. ಸಹಿ ಹಾಕಲು ಮನಸ್ಸು ಬರುತ್ತಿಲ್ಲ.

ತುಮಕೂರು_ಲ್ಯಾಬ್:
ಸಹಿ ಹಾಕಬೇಡಿ. ಮೊದಲು ಮರಳು ನೋಡಿ. ಗುಂಡಿಯಿಂದ ತೆಗೆದ ಮರಳನ್ನೇ ಒಣಗಿಸದೆ, ಜರಡಿ ಹಿಡಿಯದೆ ಮತ್ತೆ ಬಳಸುತ್ತಿದ್ದಾರಾ? ತೇವ ಇದ್ದರೆ ಮರಳು ಉಬ್ಬುತ್ತದೆ, ಗುಂಡಿಗೆ ಕಡಿಮೆ ತೂಕ ಹಿಡಿಯುತ್ತದೆ. ಆಗ ಗುಂಡಿ ಚಿಕ್ಕದು ಅಂತ ಲೆಕ್ಕ ಬಂದು ಡೆನ್ಸಿಟಿ ಸುಮ್ನೆ ಏರುತ್ತದೆ. ತೇವಾಂಶಕ್ಕೆ ಕಾರ್ಬೈಡ್ ಮೀಟರ್ ಬಳಸಿದರೆ ಅದು ಒದ್ದೆ ತೂಕದ ಮೇಲಿನ ಲೆಕ್ಕ ಕೊಡುತ್ತದೆ. ಮೀಟರ್ 8% ತೋರಿಸಿದರೆ ಒಣ ತೂಕದ ಮೇಲೆ ಅದು 8.7%. ತೇವ ಕಡಿಮೆ ಹಿಡಿದರೂ ಡ್ರೈ ಡೆನ್ಸಿಟಿ ಜಾಸ್ತಿ ಕಾಣುತ್ತದೆ.

ಹಳೇ_ರೋಲರ್:
ಅವೆರಡೂ ಸರಿ, ಆದರೆ ನನ್ನ ಅನುಮಾನ ಬೇರೆ. ಮಣ್ಣು ಎಲ್ಲಿಂದ ಬರುತ್ತಿದೆ? ಮಣ್ಣು ಅಗೆದು ತರುವ ಯಾವ ಗುಂಡಿಗೆ ಪ್ರಾಕ್ಟರ್ ಮಾಡಿದ್ದಿರೋ ಅದರ ಮಣ್ಣೇ ಈಗಲೂ ಬರುತ್ತಿದೆಯಾ? ನಮ್ಮ ಕಡೆ ಒಂದು ಗುಡ್ಡದ ಈ ಬದಿ ಜೇಡಿ ಜಾಸ್ತಿ, ಆ ಬದಿ ಕಲ್ಲುಗರಸು. ಎರಡಕ್ಕೂ ಒಂದೇ ಪ್ರಾಕ್ಟರ್ ಹಿಡಿದರೆ ಹೇಗೆ ಹೊಂದುತ್ತದೆ? ಇವತ್ತೇ ಲೇಯರ್‌ನಿಂದಲೇ ಮಣ್ಣು ತೆಗೆದು ಹೊಸದಾಗಿ ಮಾಡಿ.

ಚಿಂತಾಮಣಿ_ಸೈಟ್:
ಸರ್, ನೀವು ಹೇಳಿದ್ದೇ ನಿಜ. ಹೋದ ವಾರದಿಂದ ಬೇರೆ ಗುಂಡಿಯ ಮಣ್ಣು ಬರುತ್ತಿದೆ, ನಮಗೆ ಯಾರೂ ಹೇಳಿರಲಿಲ್ಲ. ಹೊಸ ಪ್ರಾಕ್ಟರ್‌ನಲ್ಲಿ 2.08 ಬಂತು, ಓಎಂಸಿ (ಮಣ್ಣು ಅತಿ ಚೆನ್ನಾಗಿ ಗಟ್ಟಿಯಾಗುವ ತೇವಾಂಶ) 9%. ಹಾಗಾದರೆ ನಮ್ಮ 1.98 ಬರೀ 95%! ಮರಳು ಒಣಗೇ ಇತ್ತು. ಒಲೆಯಲ್ಲಿ ಒಣಗಿಸಿ ನೋಡಿದರೆ ಮಣ್ಣಿನ ತೇವ 6%. ರೋಲರ್ ಇನ್ನೂ ನಾಲ್ಕು ಸಲ ಓಡಿಸಲಾ?

ಹಳೇ_ರೋಲರ್:
ಬೇಡ. ಒಣ ಗರಸಿನ ಮೇಲೆ ಎಷ್ಟು ಓಡಿಸಿದರೂ ಅಷ್ಟೇ, ಕಲ್ಲು ಪುಡಿಯಾಗುತ್ತದೆ. ಓಎಂಸಿಗಿಂತ 2% ಕಡಿಮೆಯವರೆಗೆ ಸರಿ, ನಿಮ್ಮದು 3% ಕಡಿಮೆ ಇದೆ. ಲೇಯರ್ ಕೆದಕಿ, ನೀರು ಹಾಕಿ, ಗ್ರೇಡರ್‌ನಲ್ಲಿ ಮಗುಚಿ. ನಮ್ಮ ಜಿಲ್ಲೆಯಲ್ಲಿ ನೀರಿಗೆ ಟ್ಯಾಂಕರ್ ಕಾಯಬೇಕು, ಗೊತ್ತು. ಬಿಸಿಲಲ್ಲಿ ಹಾಕಿ ಕಳೆದುಕೊಳ್ಳಬೇಡಿ. ಸಂಜೆ ಹಾಕಿ, ರಾತ್ರಿ ಇಳಿಯಲಿ, ಬೆಳಿಗ್ಗೆ ತೇವ ನೋಡಿ ರೋಲ್ ಮಾಡಿ. ಟೆಸ್ಟ್ ಮಾಡುವಾಗ ಪಕ್ಕದಲ್ಲಿ ರೋಲರ್ ಓಡಿಸಬೇಡಿ, ಅದುರಿದರೆ ಮರಳು ಕುಸಿದು ಲೆಕ್ಕ ಕೆಡುತ್ತದೆ.

ಚಿಂತಾಮಣಿ_ಸೈಟ್:
ಎರಡು ದಿನ ಹಿಡಿಯಿತು. ಈಗ 2.04 ಬಂತು, 98%. ಟಿಪ್ಪರ್ ಓಡಿಸಿ ನೋಡಿದೆ, ಗುರುತು ಬೀಳಲಿಲ್ಲ. ಹಿಂದಿನ ವಾರ ಪಾಸ್ ಮಾಡಿದ 200 ಮೀಟರ್‌ಗೂ ಅದೇ ಮಣ್ಣು ಬಿದ್ದಿದೆ. ನಾಳೆ ಅದನ್ನೂ ಕೆದಕಿಸುತ್ತೇನೆ.